ಕಾಲು ಮೈಲಿಯ ಕಾರು

ತೀರ್ಥಹಳ್ಳಿಯಿಂದ ಮೇಳಿಗೆಯನ್ನು ಹಾದು ಆಗುಂಬೆಯತ್ತ ಸಾಗುವ ದಾರಿಯಲ್ಲಿ ಒಳ್ಳೆಯ ಚಾಲಕನೆಂಬ ಹೆಸರು ತಿರುವು ಬಲ್ಲವನಿಗೇ ಸಲ್ಲುತ್ತದೆ. ಅಲ್ಲಿಂದ ಮುಂದೆ ಘಟ್ಟವು ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಕೆಳಗಿಳಿಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ ತಿರುವೆಂಬುದೇ ಇಲ್ಲದ ಒಂದು ಮೋಟಾರು ಪಂದ್ಯವಿದೆ. ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಉದ್ದದ ನೇರ ಹಾದಿಯಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತು, ನಿಂತಲ್ಲಿಂದಲೇ ನೆಗೆದು, ಮೊದಲು ತುದಿ ಮುಟ್ಟಿದ ಕಾರು ಗೆಲ್ಲುವ ಈ ಸ್ಪರ್ಧೆಯನ್ನು ಡ್ರ್ಯಾಗ್ ರೇಸ್ ಎನ್ನುತ್ತಾರೆ. ಘಟ್ಟದ ಕೆಳಗಿನ ಜೋಡುಕರೆ ಕಂಬಳವನ್ನು, ಅಂದರೆ ಅಕ್ಕಪಕ್ಕದ ಎರಡು ಕೆಸರು ಹಾದಿಗಳಲ್ಲಿ ನಡೆಯುವ ಕೋಣಗಳ ಓಟವನ್ನು ಕಂಡವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ ಬೆಳೆದ ಈ ಪಂದ್ಯಕ್ಕೆಂದೇ ಯುರೋಪಿನಲ್ಲಿ ಮೊದಲು ರೂಪುಗೊಂಡ ಕಾರು, 1961ರಲ್ಲಿ ಲಂಡನ್ನಿನ ಸಿಡ್ನಿ ಅಲಾರ್ಡ್ ಕಟ್ಟಿದ ಅಲಾರ್ಡ್ ಕ್ರೈಸ್ಲರ್. ವಿಶೇಷವೆಂದರೆ ಅಲಾರ್ಡ್ ತಿರುವಿನ ದಾರಿಗಳಲ್ಲೇ ಹೆಸರು ಮಾಡಿದವನು. 1949ರಲ್ಲಿ ಬ್ರಿಟನ್ನಿನ ಬೆಟ್ಟವೇರುವ ಪಂದ್ಯಗಳ ಚಾಂಪಿಯನ್ ಆದ ಅವನು, ಮರುವರ್ಷ ಲೆ ಮಾನ್ಸ್‌ನ 24 ಗಂಟೆಗಳ ಪಂದ್ಯದಲ್ಲಿ ಜೊತೆಗಾರನೊಡನೆ ಮೂರನೆಯ ಸ್ಥಾನ ಪಡೆದು, 1952ರಲ್ಲಿ ತನ್ನ ಹೆಸರನ್ನೇ ಹೊತ್ತ ಕಾರಿನಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದನು. ಹಗಲಿರುಳು ಓಡಿ ಗೆದ್ದವನು ಐವತ್ತು ದಾಟಿದ ಮೇಲೆ ಕೆಲವೇ ಸೆಕೆಂಡುಗಳ ಓಟಕ್ಕೆ ಮನಸೋತದ್ದು ಸೋಜಿಗವಾಗಿ ಕಾಣಬಹುದು. ಆದರೆ ಅವನ ಕಂಪನಿಯ ಕಾರು ತಯಾರಿಕೆ ಅಷ್ಟರಲ್ಲಿ ಬಹುತೇಕ ನಿಂತುಹೋಗಿತ್ತು, ಕೈಯ ಚಪಲ ಮಾತ್ರ ಉಳಿದಿತ್ತು.

ಈ ಕಾರಿನ ಆಕಾರವು ಬೇಡವಾದುದನ್ನೆಲ್ಲ ಕಳಚಿಹಾಕಿದ ಫಲವಾಗಿದೆ. ಉದ್ದನೆಯ ಕೊಳವೆಗಳ ಚೌಕಟ್ಟು, ಮುಂದೆ ಬಡಕಲು ಚಕ್ರಗಳು, ನೆಲವನ್ನು ಕಚ್ಚಿ ಹಿಡಿಯಲು ಹಿಂದೆ ಅಗಲವಾದ ಟೈರುಗಳು, ಅವುಗಳಿಗಿಂತಲೂ ಹಿಂದೆ ಚಾಲಕನ ಆಸನ. ಚಾಲಕನು ಕವಣೆಯಲ್ಲಿಟ್ಟ ಕಲ್ಲಿನಂತೆ ತುದಿಯಲ್ಲಿ ಕೂರುವುದರಿಂದ ಈ ವಿನ್ಯಾಸಕ್ಕೆ ಕವಣೆಯ ಹೆಸರೇ ನಿಂತಿದೆ; ಭಾರವು ಹಿಂದಕ್ಕೆ ಬಿದ್ದಷ್ಟೂ ಹಿಂಬದಿಯ ಚಕ್ರಗಳ ಹಿಡಿತ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಎಂಜಿನ್ ಅಮೆರಿಕದ ಕ್ರೈಸ್ಲರ್ ಕಂಪನಿಯ ಎಂಟು ಸಿಲಿಂಡರುಗಳ, ಸುಮಾರು 5.8 ಲೀಟರ್ ಗಾತ್ರದ್ದು. ಅದರ ನೆತ್ತಿಯ ಮೇಲೆ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿನ ತಿರುಗುವಿಕೆಯಿಂದಲೇ ನಡೆದು ಸಿಲಿಂಡರುಗಳೊಳಗೆ ಹೆಚ್ಚುವರಿ ಗಾಳಿಯನ್ನು ತುರುಕುವ ಪಂಪು ಕೂತಿತ್ತು. ಗಾಳಿ ಹೆಚ್ಚಿದಷ್ಟೂ ಹೆಚ್ಚು ಇಂಧನ ಉರಿದು ಬಲ ಏರುತ್ತದೆ. ಬಸ್ಸು, ಲಾರಿಗಳ ಡೀಸೆಲ್ ಎಂಜಿನ್ನಿಗೆಂದು ತಯಾರಾದ ಪಂಪನ್ನೇ ಪಂದ್ಯದವರು ಕಾರಿಗೆ ಏರಿಸಿಕೊಂಡದ್ದು, ಹಳ್ಳಿಯ ಮೆಕ್ಯಾನಿಕ್ಕನೂ ಮೆಚ್ಚುವ ಜಾಣತನ.

ನಿಂತಲ್ಲಿಂದ ಹೊರಟ ಈ ಕಾರು ಕಾಲು ಮೈಲಿಯನ್ನು ಹನ್ನೊಂದು ಸೆಕೆಂಡುಗಳೊಳಗೆ ಮುಗಿಸಿತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಕೋಣಗಳ ಜೋಡಿಯೊಂದು ಕೆಸರಿನಲ್ಲಿ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿ ಸುದ್ದಿಯಾದುದನ್ನು ಇಲ್ಲಿ ನೆನೆಯಬಹುದು. ಕಂಬಳದಲ್ಲಿ ಸಾಮಾನ್ಯವಾಗಿ ಕೋಣ ಸಾಕುವ ಯಜಮಾನನೇ ಬೇರೆ, ಓಡಿಸುವವನೇ ಬೇರೆ. ಅಲಾರ್ಡ್ ಮಾತ್ರ ತಾನೇ ಕಟ್ಟಿ ತಾನೇ ಓಡಿಸಿದನು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಾಳುಬಿದ್ದಿದ್ದ ಸೈನಿಕ ವಿಮಾನನೆಲೆಗಳೇ ಬ್ರಿಟನ್ನಿನಲ್ಲಿ ಈ ಪಂದ್ಯಕ್ಕೆ ಅಂಗಳವಾದವು. ಡಾನ್ ಗಾರ್ಲಿಟ್ಸ್ ಮೊದಲಾದ ಅಮೆರಿಕದ ಹೆಸರಾಂತ ಚಾಲಕರು 1964ರಲ್ಲಿ ಅಲ್ಲಿಗೆ ಬಂದು ಓಡಿಸಿ, ನೆರೆದ ಜನರನ್ನು ಬೆರಗುಗೊಳಿಸಿದರು. ಅವರನ್ನು ಕರೆತರುವುದರ ಹಿಂದೆ ಅಲಾರ್ಡನ ಒತ್ತಾಸೆಯಿತ್ತು. ಪಾಡಿಂಗ್ಟನ್ ಎಂಬಲ್ಲಿನ ಅಂಥದೇ ಹಳೆಯ ವಿಮಾನನೆಲೆಯಲ್ಲಿ 1966ರ ಈಸ್ಟರ್ ಹೊತ್ತಿಗೆ ಸಾಂತಾ ಪಾಡ್ ಎಂಬ ಶಾಶ್ವತ ಪಥ ತೆರೆಯಿತು. ಅದೇ ಏಪ್ರಿಲ್ ತಿಂಗಳ 12ರಂದು ಅಲಾರ್ಡ್ ತೀರಿಕೊಂಡನು; ಅದೇ ರಾತ್ರಿ ಕ್ಲಾಪಮ್‌ನಲ್ಲಿದ್ದ ಅವನ ಕಾರ್ಖಾನೆಗೆ ಬೆಂಕಿ ಬಿದ್ದು ಕಂಪನಿಯ ಬಹುಪಾಲು ದಾಖಲೆಗಳು ಸುಟ್ಟುಹೋದವು.

ಕಾಗದಗಳು ಬೂದಿಯಾದರೂ ಕಾರು ಉಳಿಯಿತು. ಬ್ಯೂಲಿಯ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯಕ್ಕೆ ಸೇರಿ ದಶಕಗಳ ಕಾಲ ಮೌನವಾಗಿದ್ದ ಅದನ್ನು ಅಭಿಮಾನಿಗಳ ಗುಂಪೊಂದು ದುರಸ್ತಿಗೆ ಎತ್ತಿಕೊಂಡು, ಬಹುಕಾಲದ ದುಡಿಮೆಯ ನಂತರ ಎಂಜಿನ್ನನ್ನು ಮತ್ತೆ ಗುಡುಗುವಂತೆ ಮಾಡಿತು.