ಹಿಂದಿರುಗಿ ನೋಡುವ ಕಣ್ಣು



ನಿಮ್ಮಲ್ಲಿ ಅನೇಕರಿಗೆ ಈ ಅನುಭವ ಆಗಿರಬಹುದು. ಪಠ್ಯಪುಸ್ತಕದ ಒಂದು ಉದ್ದನೆಯ ವಾಕ್ಯವನ್ನು ಓದುತ್ತೀರಿ. ಕೊನೆಯ ಪದಕ್ಕೆ ಬರುವ ಹೊತ್ತಿಗೆ ಮೊದಲು ಏನಿತ್ತು ಎಂಬುದೇ ಮರೆತುಹೋಗಿರುತ್ತದೆ. ಮತ್ತೆ ಮೊದಲಿನಿಂದ ಓದುತ್ತೀರಿ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತ ಗೆಳೆಯ ಪುಟ ತಿರುವಿಬಿಟ್ಟಿರುತ್ತಾನೆ. ಆಗ 'ನನ್ನ ಬುದ್ಧಿಯೇ ಮಂದವೇನೋ' ಎಂಬ ಅಳುಕು ಮನಸ್ಸಿನಲ್ಲಿ ಮೂಡುತ್ತದೆ.

ನಾನು ವಿಜ್ಞಾನ ಪದವಿಗೆ ಓದುತ್ತಿದ್ದಾಗ ಈ ಅಳುಕು ನನ್ನಲ್ಲಿ ಬಹಳ ದಿನ ಇತ್ತು. ಅದನ್ನು ಮುಚ್ಚಿಕೊಳ್ಳಲು ನಾನೂ ಬೇಗ ಬೇಗ ಓದಲು ಶುರು ಮಾಡಿದೆ. ಅದರ ಫಲ ಒಂದು ಪರೀಕ್ಷೆಯಲ್ಲಿ ಸಿಕ್ಕಿತು. ಅನಿಲದ ಒತ್ತಡ ಮತ್ತು ಗಾತ್ರದ ಮೇಲೆ ಒಂದು ಲೆಕ್ಕ ಬಂದಿತ್ತು. ಅನಿಲದ ತಾಪವೂ ಏರಿದೆ ಎಂದು ಪ್ರಶ್ನೆಯಲ್ಲೇ ಹೇಳಿತ್ತು. ನಾನು 'ಒತ್ತಡ', 'ಗಾತ್ರ' ಎಂಬ ಪರಿಚಿತ ಪದಗಳನ್ನು ಕಂಡ ಕೂಡಲೇ ಬಾಯಲ್ ನಿಯಮ ಬರೆದು, ಉತ್ತರ ತೆಗೆದು, ಮುಂದಿನ ಪ್ರಶ್ನೆಗೆ ಹೋದೆ. ನಿಯಮ ಗೊತ್ತಿತ್ತು, ಗಣಿತ ಗೊತ್ತಿತ್ತು. ಆ ವಾಕ್ಯವನ್ನು ಇನ್ನೊಮ್ಮೆ ಓದದೇ ಇದ್ದುದರಿಂದ ಅಂಕಗಳು ಹೋದವು.

ಆದ್ದರಿಂದ ಇಂದಿನ ಮಾತುಕತೆಯ ವಿಷಯ ಇದೇ. ಅರ್ಥವಾಗದ ವಾಕ್ಯವನ್ನು ಮತ್ತೆ ಓದುವುದು ದಡ್ಡತನವೇ? ಅಥವಾ ಅದು ಓದುವ ಕ್ರಿಯೆಯ ಒಂದು ಭಾಗವೇ?

ಮೊದಲು ಕಣ್ಣಿನ ಕೆಲಸವನ್ನು ನೋಡೋಣ. ಓದುವಾಗ ನಮ್ಮ ದೃಷ್ಟಿ ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅದು ಕಪ್ಪೆಯಂತೆ ಜಿಗಿಯುತ್ತದೆ. 1879ರ ಸುಮಾರಿಗೆ ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಮತ್ತು ಅವರ ಸಹೋದ್ಯೋಗಿಗಳ ಅವಲೋಕನಗಳಿಂದ ಈ ಸಂಗತಿ ವಿದ್ವಾಂಸರ ಗಮನಕ್ಕೆ ಬಂದಿತು. ಕಣ್ಣು ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ, ಮುಂದಕ್ಕೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ಅಕ್ಷರಗಳನ್ನು ನಾವು ಗ್ರಹಿಸುವುದು ನಿಂತಾಗ ಮಾತ್ರ. ಇಂಗ್ಲಿಷ್ ಓದುಗರ ಮೇಲೆ ನಡೆದ ಅಧ್ಯಯನಗಳ ಪ್ರಕಾರ, ನುರಿತ ಓದುಗನಲ್ಲಿಯೂ ಇಂತಹ ಜಿಗಿತಗಳಲ್ಲಿ ಶೇಕಡಾ 10ರಿಂದ 15ರಷ್ಟು ಹಿಂದಕ್ಕೆ ಹೋಗುವ ಜಿಗಿತಗಳೇ. ಪುಟ ತಿರುವಿದ ನಿಮ್ಮ ಗೆಳೆಯನ ಕಣ್ಣೂ ಹಿಂದೆ ಹೋಗಿ ಬಂದಿರುತ್ತದೆ. ಅದು ಅವನಿಗೆ ತಿಳಿದಿಲ್ಲ, ಅಷ್ಟೆ.

ಕಣ್ಣು ಹಿಂದೆ ಹೋಗುವುದೇಕೆ? ಅದಕ್ಕೆ ಕಾರಣಗಳು ಹಲವು. ಜಿಗಿತ ಗುರಿ ತಪ್ಪಿರಬಹುದು. ಪದ ಅಪರಿಚಿತವಾಗಿರಬಹುದು. ಮತ್ತೊಂದು ಮುಖ್ಯ ಕಾರಣವನ್ನು ನನ್ನ ವೃತ್ತಿಯ ಒಂದು ಉದಾಹರಣೆಯಿಂದಲೇ ಹೇಳುತ್ತೇನೆ.

ಒಮ್ಮೆ ಕ್ರೀಡಾ ಕಾರ್ಯಕ್ರಮವೊಂದಕ್ಕೆ ನಾನು ಹೀಗೊಂದು ವಾಕ್ಯ ಬರೆದಿದ್ದೆ: 'ನಾಯಕ ಗೋಲು ಹೊಡೆದ ಆಟಗಾರನನ್ನು ಅಪ್ಪಿಕೊಂಡ.' ತಾಲೀಮಿನಲ್ಲಿ ನಿರೂಪಕಿ 'ನಾಯಕ ಗೋಲು ಹೊಡೆದ' ಎಂದು ಓದಿ, ವಾಕ್ಯ ಮುಗಿಯಿತೆಂದು ದನಿ ಇಳಿಸಿದರು. ಮುಂದೆ 'ಆಟಗಾರನನ್ನು' ಎಂಬ ಪದ ಎದುರಾದಾಗ ತಡವರಿಸಿ ನಿಂತರು. "ಸಾರ್, ಗೋಲು ಹೊಡೆದದ್ದು ಯಾರು?" ಎಂದು ಕೇಳಿದರು. ತಪ್ಪು ಅವರದಲ್ಲ, ನನ್ನದು. 'ಹೊಡೆದ' ಎಂಬ ಪದ ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. 'ಅವನು ಹೊಡೆದ' ಎಂದಾಗ ಅದು ವಾಕ್ಯವನ್ನು ಮುಗಿಸುತ್ತದೆ. 'ಹೊಡೆದ ಆಟಗಾರ' ಎಂದಾಗ ಮುಂದಿನ ಹೆಸರಿಗೆ ವಿಶೇಷಣದಂತೆ ಸೇರಿಕೊಳ್ಳುತ್ತದೆ. ನಮ್ಮ ಮನಸ್ಸು ವಾಕ್ಯ ಪೂರ್ತಿಯಾಗುವವರೆಗೆ ಕಾಯುವುದಿಲ್ಲ. ಸಿಕ್ಕ ಪದಗಳನ್ನು ಆಗಿಂದಾಗಲೇ ಜೋಡಿಸಿ ಒಂದು ಅರ್ಥ ಕಟ್ಟಿಬಿಡುತ್ತದೆ. ಮುಂದಿನ ಪದ ಆ ಅರ್ಥಕ್ಕೆ ಹೊಂದದಿದ್ದಾಗ ಕಟ್ಟಿದ್ದನ್ನು ಕೆಡವಿ ಮತ್ತೆ ಕಟ್ಟಬೇಕಾಗುತ್ತದೆ.

ಇಂತಹ ವಾಕ್ಯಗಳಿಗೆ ಭಾಷಾವಿಜ್ಞಾನಿಗಳು 'ಗಾರ್ಡನ್ ಪಾತ್' ವಾಕ್ಯಗಳು, ಅಂದರೆ ದಾರಿ ತಪ್ಪಿಸುವ ವಾಕ್ಯಗಳು ಎಂದು ಹೆಸರಿಟ್ಟಿದ್ದಾರೆ. 1982ರಲ್ಲಿ ಲಿನ್ ಫ್ರೇಜಿಯರ್ ಮತ್ತು ಕೀತ್ ರೇನರ್ ಎಂಬ ಅಮೆರಿಕದ ವಿಜ್ಞಾನಿಗಳು, ಇಂತಹ ಇಂಗ್ಲಿಷ್ ವಾಕ್ಯಗಳನ್ನು ಓದುವವರ ಕಣ್ಣಿನ ಚಲನೆಯನ್ನು ಉಪಕರಣದ ಮೂಲಕ ದಾಖಲಿಸಿದರು. ದಾರಿ ತಪ್ಪಿದ್ದು ಗೊತ್ತಾಗುವ ಪದದ ಬಳಿ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಅನಂತರ ಹಲವು ಬಾರಿ ಅದು ನೇರವಾಗಿ ಗೊಂದಲ ಹುಟ್ಟಿದ ಜಾಗಕ್ಕೇ ಮರಳುತ್ತಿತ್ತು. ಕತ್ತಲೆಯಲ್ಲಿ ಕೀಲಿಕೈ ಬೀಳಿಸಿಕೊಂಡವನು ಊರೆಲ್ಲ ಹುಡುಕದೆ, ಸದ್ದಾದ ಕಡೆಗೇ ಬಗ್ಗುವಂತೆ.

ಹಾಗಾದರೆ ಹಿಂದೆ ಹೋಗಲು ಬಿಡದಿದ್ದರೆ ಏನಾಗುತ್ತದೆ? ಪರದೆಯ ಮೇಲೆ ಒಂದೊಂದೇ ಪದವನ್ನು ವೇಗವಾಗಿ ತೋರಿಸಿ 'ಕಣ್ಣು ಹಿಂದೆ ಹೋಗುವ ವ್ಯರ್ಥ ಶ್ರಮ ಉಳಿಯುತ್ತದೆ' ಎಂದು ಹೇಳಿಕೊಳ್ಳುವ ಮೊಬೈಲ್ ತಂತ್ರಾಂಶಗಳು ಬಂದಾಗ ಈ ಪ್ರಶ್ನೆ ಮುನ್ನೆಲೆಗೆ ಬಂತು. 2014ರಲ್ಲಿ ಎಲಿಜಬೆತ್ ಶಾಟರ್ ಮತ್ತು ಸಂಗಡಿಗರು ಒಂದು ಸರಳ ಪ್ರಯೋಗ ಮಾಡಿದರು. ಓದುಗನ ಕಣ್ಣು ದಾಟಿಹೋದ ಪದಗಳು ಕೂಡಲೇ ಮರೆಯಾಗುವಂತೆ ಏರ್ಪಾಡು ಮಾಡಿದರು. ಹಿಂದೆ ಹೋದರೂ ಅಲ್ಲಿ ಓದಲು ಏನೂ ಇರುತ್ತಿರಲಿಲ್ಲ. ಆಗ ಓದುಗರ ಗ್ರಹಿಕೆ ಕುಗ್ಗಿತು. ಗೊಂದಲದ ವಾಕ್ಯಗಳಲ್ಲಿ ಮಾತ್ರವಲ್ಲ, ಸಾಧಾರಣ ವಾಕ್ಯಗಳಲ್ಲಿಯೂ ಕುಗ್ಗಿತು. ಹಿಂದಿರುಗಿ ನೋಡುವುದು ವ್ಯರ್ಥ ಶ್ರಮವಲ್ಲವೆಂದು ಇದರಿಂದ ತಿಳಿಯುತ್ತದೆ.

ನಮ್ಮ ಹಿರಿಯರಿಗೆ ಇದು ಹೊಸ ವಿಷಯವೇನೂ ಆಗಿರಲಿಲ್ಲ. ಗಮಕ ವಾಚನವನ್ನು ಕೇಳಿದವರಿಗೆ ಇದು ಗೊತ್ತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಎಷ್ಟೋ ಕಡೆ ಪದವೊಂದು ಒಂದು ಸಾಲಿನ ಕೊನೆಯಲ್ಲಿ ಆರಂಭವಾಗಿ ಮುಂದಿನ ಸಾಲಿನಲ್ಲಿ ಮುಗಿಯುತ್ತದೆ. ಗಮಕಿಗಳು ಸಾಲನ್ನು ಹಾಡಿ, ಅರ್ಥ ಸ್ಪಷ್ಟವಾಗಲೆಂದು ಪದ ಬಿಡಿಸಿ ಮತ್ತೆ ಹಾಡುತ್ತಾರೆ. ವ್ಯಾಖ್ಯಾನಕಾರರು ಅದರ ಅನ್ವಯ ಮಾಡಿ ಅರ್ಥ ಹೇಳುತ್ತಾರೆ. ಸಭೆಯಲ್ಲಿ ಕುಳಿತ ಯಾರೂ ಇದನ್ನು 'ಪುನರಾವರ್ತನೆ' ಎಂದು ದೂರುವುದಿಲ್ಲ.

ಆದರೆ ಒಂದು ಎಚ್ಚರಿಕೆಯ ಮಾತು. ಮತ್ತೆ ಓದಿದ ಮಾತ್ರಕ್ಕೆ ಅರ್ಥವಾಗಿಯೇ ತೀರುತ್ತದೆ ಎಂದಲ್ಲ. 2001ರಲ್ಲಿ ಕೀಲ್ ಕ್ರಿಸ್ಟಿಯನ್‌ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಒಂದು ವಿಚಿತ್ರವನ್ನು ತೋರಿಸಿತು. ಒಬ್ಬ ಬೇಟೆಯಾಡುತ್ತಿದ್ದಾಗ ಜಿಂಕೆ ಕಾಡಿಗೆ ಓಡಿತು ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಅದು. ಅಲ್ಪವಿರಾಮ ಇಲ್ಲದಿದ್ದರೆ, ಇಂಗ್ಲಿಷಿನ ಪದಕ್ರಮದಲ್ಲಿ ಅವನು ಜಿಂಕೆಯನ್ನೇ ಬೇಟೆಯಾಡುತ್ತಿದ್ದ ಎಂದು ಮೊದಲಿಗೆ ತೋರುತ್ತದೆ. ವಾಕ್ಯವನ್ನು ಪೂರ್ತಿ ಓದಿ, ಜಿಂಕೆ ಓಡಿತು ಎಂದು ಸರಿಯಾಗಿ ತಿಳಿದವರಲ್ಲಿಯೂ ಅನೇಕರು, ಅವನು ಬೇಟೆಯಾಡಿದ್ದು ಜಿಂಕೆಯನ್ನೇ ಎಂದು ಉತ್ತರಿಸಿದರು. ವಾಕ್ಯದಲ್ಲಿ ಆ ಮಾತು ಇಲ್ಲವೇ ಇಲ್ಲ! ಮೊದಲು ಕಟ್ಟಿಕೊಂಡ ತಪ್ಪು ಅರ್ಥ ಮನಸ್ಸಿನ ಮೂಲೆಯಲ್ಲಿ ಉಳಿದೇ ಇತ್ತು. ಹಾಗಾಗಿ ಅದೇ ತಪ್ಪು ಅರ್ಥವನ್ನು ಹಿಡಿದುಕೊಂಡು ಹತ್ತು ಸಲ ಓದಿದರೂ ಪ್ರಯೋಜನವಿಲ್ಲ. ಎರಡನೆಯ ಓದಿಗೆ ಒಂದು ಪ್ರಶ್ನೆ ಬೇಕು.

ಯಾವ ಪ್ರಶ್ನೆ? ನಾನು ಅಂಕ ಕಳೆದುಕೊಂಡ ಬಾಯಲ್ ನಿಯಮವನ್ನೇ ತೆಗೆದುಕೊಳ್ಳೋಣ: 'ತಾಪ ಸ್ಥಿರವಾಗಿದ್ದಾಗ ನಿರ್ದಿಷ್ಟ ರಾಶಿಯ ಅನಿಲದ ಗಾತ್ರವು ಅದರ ಒತ್ತಡಕ್ಕೆ ವಿಲೋಮಾನುಪಾತದಲ್ಲಿರುತ್ತದೆ.' ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಆದ್ದರಿಂದ ಮೊದಲ ಓದಿನಲ್ಲಿ ತಡೆಯದೆ ಕೊನೆಯವರೆಗೆ ಹೋಗಿ. ಎರಡನೆಯ ಓದಿನಲ್ಲಿ ಕೊನೆಯಿಂದ ಕೇಳುತ್ತಾ ಬನ್ನಿ. ವಿಲೋಮಾನುಪಾತದಲ್ಲಿರುವುದು ಯಾವುದು? ಗಾತ್ರ. ಯಾವುದರ ಗಾತ್ರ? ಅನಿಲದ್ದು. ಯಾವುದಕ್ಕೆ ವಿಲೋಮ? ಒತ್ತಡಕ್ಕೆ. ಯಾವಾಗ? ತಾಪ ಸ್ಥಿರವಾಗಿದ್ದಾಗ, ಅನಿಲದ ರಾಶಿ ಬದಲಾಗದಿದ್ದಾಗ. ಇನ್ನು ಪುಸ್ತಕ ಮುಚ್ಚಿ ನಿಮ್ಮ ಮಾತಿನಲ್ಲಿ ಹೇಳಿ: 'ಬಿಸಿ ಬದಲಾಗದಂತೆ ನೋಡಿಕೊಂಡು ಒತ್ತಡವನ್ನು ಎರಡರಷ್ಟು ಮಾಡಿದರೆ ಗಾತ್ರ ಅರ್ಧವಾಗುತ್ತದೆ.' ಹೀಗೆ ಹೇಳಲು ಬಂದರೆ ವಾಕ್ಯ ನಿಮ್ಮದಾಯಿತು. 'ಯಾವಾಗ?' ಎಂಬ ಒಂದೇ ಪ್ರಶ್ನೆಯನ್ನು ಆ ದಿನ ನಾನು ಕೇಳಿಕೊಂಡಿದ್ದರೆ ಸಾಕಿತ್ತು.

ಇನ್ನೊಂದು ವ್ಯತ್ಯಾಸವನ್ನೂ ಮನಸ್ಸಿನಲ್ಲಿಡಿ. ವಾಕ್ಯ ಅರ್ಥವಾಗಲು ಮತ್ತೆ ಓದುವುದು ಬೇರೆ, ಪಾಠ ನೆನಪಿನಲ್ಲಿ ಉಳಿಯಲು ಇಡೀ ಅಧ್ಯಾಯವನ್ನು ಮತ್ತೆ ಮತ್ತೆ ಓದುವುದು ಬೇರೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಅರ್ಥಕ್ಕೆ ಮರು ಓದು, ನೆನಪಿಗೆ ಪುಸ್ತಕ ಮುಚ್ಚಿ ಬರೆಯುವುದು. ಎರಡೂ ಬೇಕು, ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು.

ಕೊನೆಯದಾಗಿ, ಬರೆಯುವವರ ಹೊಣೆಯ ಬಗ್ಗೆ ಒಂದು ಮಾತು. ಆ ತಾಲೀಮಿನ ದಿನ ನಾನು ವಾಕ್ಯವನ್ನು 'ಗೋಲು ಹೊಡೆದ ಆಟಗಾರನನ್ನು ನಾಯಕ ಅಪ್ಪಿಕೊಂಡ' ಎಂದು ತಿದ್ದಿದೆ. ಪದಗಳು ಅವೇ, ಕ್ರಮ ಮಾತ್ರ ಬೇರೆ. ನೋಡುಗರಿಗೆ ಪ್ರಸಾರವಾಗುತ್ತಿರುವ ಮಾತನ್ನು ಹಿಂದಕ್ಕೆ ತಿರುಗಿಸಿ ಕೇಳಲು ಆಗುವುದಿಲ್ಲ. ಆದ್ದರಿಂದ ಅವರ ಪರವಾಗಿ ಬರೆಯುವವನೇ ಎರಡು ಸಲ ಓದಬೇಕು. ನೀವು ಪರೀಕ್ಷೆಯಲ್ಲಿ ಉತ್ತರ ಬರೆದಾಗಲೂ, ಮನೆಗೆ ಕಾಗದ ಬರೆದಾಗಲೂ ಇದೇ ಮಾತು ಅನ್ವಯಿಸುತ್ತದೆ.

ಕಿರುತೆರೆಯ ಮೇಲೆ ನನ್ನ ಮಾತು ಬಂದು ಹೋಗುತ್ತದೆ. ಈ ಪುಸ್ತಿಕೆ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಇದರಲ್ಲಿ ಎಲ್ಲಾದರೂ ಒಂದು ವಾಕ್ಯ ತೊಡಕಾಗಿ ಕಂಡಿದ್ದರೆ ಸಂಕೋಚಪಡಬೇಡಿ, ಇನ್ನೊಮ್ಮೆ ಓದಿ. ಆಗಲೂ ತೊಡಕೆನಿಸಿದರೆ ಅದನ್ನು ನೀವೇ ತಿದ್ದಿ ಬರೆದು ನೋಡಿ.