ಬಳಪದ ಕಲ್ಲಿನ ನಾಡಿನಲ್ಲಿ ಗುರುವಿನ ಕಲಿಕೆ



ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಕಟ್ಟಿರುವ ಕಲ್ಲಿಗೆ ನಮ್ಮ ಜನ ಬಳಪದ ಕಲ್ಲು ಎನ್ನುತ್ತಾರೆ. ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುವ ಬಳಪವೂ ಅದೇ ಜಾತಿಯ ಕಲ್ಲು. ನೆಲದಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುವುದು ಅದರ ಗುಣ. ಮಕ್ಕಳ ಮನಸ್ಸನ್ನು ಈ ಕಲ್ಲಿಗೆ ಹೋಲಿಸುವ ಮಾತನ್ನು ತಾವು ಕೇಳಿರಬಹುದು. ಉಳಿ ಹಿಡಿದವನಿಗೆ ಆ ಕೈಚಳಕ ಎಲ್ಲಿಂದ ಬಂದೀತು ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಪರೂಪಕ್ಕೆ ಕೇಳುತ್ತೇವೆ. ಉಪಾಧ್ಯಾಯರು ತಮ್ಮ ವೃತ್ತಿಯನ್ನು ಹೇಗೆ ಕಲಿಯುತ್ತಾರೆ, ಆ ಕಲಿಕೆಯಿಂದ ಮಕ್ಕಳ ಓದುಬರಹ, ಲೆಕ್ಕಾಚಾರಗಳು ಹೇಗೆ ಸುಧಾರಿಸುತ್ತವೆ ಎಂಬುದೇ ನನ್ನ ಇಂದಿನ ವಿಷಯ.

ಅಕ್ಷರಕ್ಕೂ ಗಣಿತಕ್ಕೂ ನಮ್ಮ ಸೀಮೆ ಹೊಸದಲ್ಲ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದಾದ, ಸುಮಾರು ಐದನೆಯ ಶತಮಾನದ ಹಲ್ಮಿಡಿ ಶಾಸನ ದೊರೆತದ್ದು ಬೇಲೂರು ತಾಲ್ಲೂಕಿನಲ್ಲಿ. ಕನ್ನಡದಲ್ಲಿ 'ವ್ಯವಹಾರ ಗಣಿತ'ವನ್ನು ಬರೆದ ರಾಜಾದಿತ್ಯನನ್ನು ವಿದ್ವಾಂಸರು ಹೊಯ್ಸಳ ವಿಷ್ಣುವರ್ಧನನ ಕಾಲದವನೆಂದು ಹೇಳುತ್ತಾರೆ. ಇಂಥ ನೆಲದಲ್ಲಿ ಮೂರನೆಯ ತರಗತಿಯ ಮಗುವೊಂದು ತನ್ನ ಊರಿನ ಹೆಸರನ್ನು ಬಸ್ಸಿನ ಫಲಕದಲ್ಲಿ ಓದಲಾರದೆ ನಿಂತರೆ, ಆ ಮೌನ ನಮ್ಮೆಲ್ಲರನ್ನೂ ಕಾಡಬೇಕು. ಮೂರನೆಯ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ಆ ಬಳಿಕ ಓದಿ ಕಲಿಯಬೇಕಾಗುತ್ತದೆ. ಮೊದಲನೆಯದು ಕೈತಪ್ಪಿದರೆ ಎರಡನೆಯದು ದಕ್ಕುವುದಿಲ್ಲ.

ಅರಸೀಕೆರೆ, ಬೇಲೂರು ತಾಲ್ಲೂಕುಗಳ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿದ ನಾನು ಮಕ್ಕಳ ತಪ್ಪುಗಳಿಂದಲೇ ಹೆಚ್ಚು ಕಲಿತೆನೆಂದು ಹೇಳಬೇಕು. 'ಮುನ್ನೂರ ನಾಲ್ಕು' ಬರೆಯಿರೆಂದರೆ ಕೆಲವು ಮಕ್ಕಳು 3004 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ. ಕಿವಿಗೆ ಬಿದ್ದ ಮುನ್ನೂರನ್ನು 300 ಎಂದು ಬರೆದು, ಅದರ ಪಕ್ಕದಲ್ಲಿ 4 ಇಟ್ಟಿದ್ದಾರೆ, ಅಷ್ಟೆ. ಕೆಂಪು ಗೀಟು ಎಳೆದರೆ ಮಗುವಿಗೆ ತಿಳಿಯುವುದು ತಪ್ಪಾಯಿತೆಂಬುದು ಮಾತ್ರ. 300 ಎಂದು ಬರೆದ ಚೀಟಿಯ ಕೊನೆಯ ಸೊನ್ನೆಯ ಮೇಲೆ 4ರ ಚೀಟಿಯನ್ನಿಟ್ಟು ತೋರಿಸಿದರೆ ಸ್ಥಾನಬೆಲೆಯ ಮರ್ಮ ಅದರ ಕಣ್ಣಿಗೇ ಕಾಣುತ್ತದೆ.

ಓದಿನಲ್ಲಿಯೂ ಹೀಗೆಯೇ. 'ಸೂರ್ಯ' ಎಂಬ ಪದದಲ್ಲಿ ರಕಾರವನ್ನು ಮೊದಲು ಉಚ್ಚರಿಸುತ್ತೇವೆ; ಅರ್ಕಾವೊತ್ತನ್ನು ಬಳಸಿ ಬರೆಯುವಾಗ ಅದರ ಗುರುತು ಯಕಾರದ ನಂತರ ಬರುತ್ತದೆ. ಬರೆದ ಕ್ರಮದಲ್ಲೇ ಓದುವ ಮಗು 'ಸೂಯರ' ಎಂದರೆ ಅದು ದಡ್ಡತನವೆ? ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೆ ಮೂಲಾಕ್ಷರದ ರೂಪವೇ ಇಲ್ಲ. ಅರಸೀಕೆರೆಯ ಪೇಟೆಯಲ್ಲಿ ಉರ್ದು ಮನೆಮಾತಿನ ಮಕ್ಕಳಿದ್ದಾರೆ. ಅವರ ಭಾಷೆಯಲ್ಲಿ 29ಕ್ಕೆ 'ಉನ್ತೀಸ್', ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಕನ್ನಡದ 'ಇಪ್ಪತ್ತೊಂಬತ್ತು' ಹತ್ತುಗಳನ್ನು ಮೊದಲು ಹೇಳಿ ಬಿಡಿಗಳನ್ನು ಆಮೇಲೆ ಹೇಳುತ್ತದೆ. ಈ ಭೇದವನ್ನು ಬಲ್ಲ ಗುರುವಿಗೆ ಮಗುವಿನ ತೊಡಕು ಥಟ್ಟನೆ ಹೊಳೆಯುತ್ತದೆ. ಇಂಥ ಜ್ಞಾನವಾದರೋ ಪದವಿಯ ಪುಸ್ತಕಗಳಲ್ಲಿ ದೊರೆಯುವುದು ಕಡಿಮೆ.

ಹಾಗಾದರೆ ಅದು ಎಲ್ಲಿ ದೊರೆಯಬೇಕು? 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು, ಹಾಸನದಲ್ಲಿಯೂ ಒಂದಿದೆ. ಮುಂದೆ ಕ್ಷೇತ್ರ ಮತ್ತು ಸಮೂಹ ಸಂಪನ್ಮೂಲ ಕೇಂದ್ರಗಳು ಬಂದವು. 2020ರ ನೀತಿಯು ಪ್ರತಿ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಯಲ್ಲಿ ತೊಡಗಬೇಕೆಂದಿತು. 2021ರಲ್ಲಿ ಆರಂಭವಾದ 'ನಿಪುಣ ಭಾರತ'ವು 2026–27ರ ವೇಳೆಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವಿಗೂ ಬುನಾದಿ ಓದುಬರಹ, ಲೆಕ್ಕ ಬರಬೇಕೆಂಬ ಗುರಿಯಿಟ್ಟಿತು. ವ್ಯವಸ್ಥೆಯ ಚೌಕಟ್ಟಿಗೆ ಕೊರತೆಯಿಲ್ಲ. ಆ ಗಂಟೆಗಳಲ್ಲಿ ಏನು ನಡೆಯುತ್ತದೆ ಎಂಬುದೇ ಪ್ರಶ್ನೆ.

ನಾನು ಕಂಡ ತರಬೇತಿಗಳು ಅನೇಕ. ರಾಜಧಾನಿಯಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಯಲ್ಲಿ ಹಲವರಿಗೆ, ಅವರಿಂದ ತಾಲ್ಲೂಕಿನಲ್ಲಿ ಎಲ್ಲರಿಗೂ ವಿಷಯ ಇಳಿದು ಬರುತ್ತಿತ್ತು. ಕಾಲುವೆಯ ಕೊನೆಯ ಗದ್ದೆಗೆ ಎಷ್ಟು ನೀರು ತಲುಪುತ್ತದೆಂಬುದನ್ನು ರೈತರಿಗೆ ಹೇಳಬೇಕಾಗಿಲ್ಲ. ಇಬ್ಬರೇ ಮೇಷ್ಟರಿರುವ ಶಾಲೆಯಿಂದ ಒಬ್ಬರು ತರಬೇತಿಗೆ ಹೋದರೆ ಉಳಿದವರು ಐದು ತರಗತಿಗಳನ್ನು ಸಂಭಾಳಿಸಬೇಕು. ಸಮಾಲೋಚನಾ ಸಭೆಯ ಹೊತ್ತು ಅಂಕಿಅಂಶ ಒಪ್ಪಿಸುವುದರಲ್ಲೇ ಕಳೆದುಹೋದದ್ದೂ ಉಂಟು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ನಮ್ಮ ನಾಡಿನಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ರಚಿಸಿದರು. ಅದೇ 'ನಲಿ–ಕಲಿ'. 2009–10ರಲ್ಲಿ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಅಲ್ಲಿ ಅಕ್ಷರಮಾಲೆಯನ್ನು ಆದಿಯಿಂದ ಅಂತ್ಯದವರೆಗೆ ಗಿಳಿಪಾಠ ಮಾಡಿಸದೆ, ರ, ಗ, ಸ, ದ, ಅ ಎಂಬ ಐದರಿಂದ ತೊಡಗುತ್ತಾರೆ. ಈ ಐದರಿಂದಲೇ ಸರ, ಅಗಸ, ಗರಗಸ, ಅರಸ ಎಂದು ಮಗು ಅರ್ಥವುಳ್ಳ ಪದಗಳನ್ನು ಓದತೊಡಗುತ್ತದೆ. ಅರಸೀಕೆರೆಯ ಮಗುವಿಗೆ ಊರಿನ ಅರ್ಧ ಹೆಸರು ಆಗಲೇ ಕೈವಶ! ಆದರೆ ಈ ಜೋಡಣೆಯ ಕಾರಣವನ್ನು ತಿಳಿದ ಶಿಕ್ಷಕನ ಕೈಯಲ್ಲಿ ಕಾರ್ಡು ಸಾಧನವಾಗುತ್ತದೆ. ತಿಳಿಯದವನ ಕೈಯಲ್ಲಿ ಅದು ರಟ್ಟಿನ ತುಂಡು.

ನಾನು ಭಾಗವಹಿಸಿದ ಸಭೆಗಳಲ್ಲಿ ಅತ್ಯಂತ ಫಲಪ್ರದವಾದದ್ದಕ್ಕೆ ಖರ್ಚು ಏನೂ ಇರಲಿಲ್ಲ. ಹಳೇಬೀಡಿನ ಸುತ್ತಲಿನ ಏಳೆಂಟು ಶಿಕ್ಷಕರು ತಲಾ ಮೂರು ಮಕ್ಕಳ ಲೆಕ್ಕದ ಪುಸ್ತಕಗಳನ್ನು ತಂದಿದ್ದರು. 'ಈ ಮಗು ಹೀಗೇಕೆ ಬರೆಯಿತು?' ಎಂಬ ಒಂದೇ ಪ್ರಶ್ನೆಯ ಮೇಲೆ ಎರಡು ಗಂಟೆ ಚರ್ಚೆ ನಡೆಯಿತು. ಮುಂದಿನ ತಿಂಗಳು ಒಬ್ಬರು ನಮ್ಮೆದುರಿಗೇ ಪಾಠ ಮಾಡಿದರು. ಮಿಕ್ಕವರು ಮೇಷ್ಟರ ಮುಖ ನೋಡದೆ ಮಕ್ಕಳ ಮುಖ ನೋಡಿದೆವು. ಜಪಾನಿನಲ್ಲಿ ಶಿಕ್ಷಕರು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಹೀಗೆ ಕೂಡಿ ಪಾಠವನ್ನು ಸಿದ್ಧಪಡಿಸಿ, ಕೂಡಿ ನೋಡಿ, ಕೂಡಿ ತಿದ್ದುತ್ತ ಬಂದಿದ್ದಾರೆ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ತಂದೆಯ ಕೈಕೆಲಸವನ್ನು ನೋಡುತ್ತಲೇ ಮಗ ರೂವಾರಿಯಾಗಿರಬೇಕು. ನಮ್ಮ ಶಿಕ್ಷಕನಾದರೋ ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಮೂವತ್ತು ವರ್ಷ ಒಂಟಿಯಾಗಿ ದುಡಿದು ನಿವೃತ್ತನಾಗುತ್ತಾನೆ.

ಪರರ ಎದುರು ಪಾಠ ಮಾಡಲು ಸಂಕೋಚವಾಗುವುದು ಸಹಜ. ನೋಡಬಂದವರು ತೂಗಿ ನೋಡುವ ಮೇಲಧಿಕಾರಿಗಳಾಗದೆ ಸಹೋದ್ಯೋಗಿಗಳಾಗಿದ್ದರೆ ಆ ಸಂಕೋಚ ಬೇಗ ಕರಗುತ್ತದೆ. ಇದಕ್ಕೆ ಬೇಕಾದದ್ದು ತಿಂಗಳಿಗೆ ಅರ್ಧ ದಿನ, ಅದನ್ನು ಬೇರೆ ಕೆಲಸಕ್ಕೆ ಕಸಿದುಕೊಳ್ಳದ ಕಟ್ಟುಪಾಡು, ಒಂಟಿ ಮೇಷ್ಟರ ಶಾಲೆಗೆ ಆ ದಿನಕ್ಕೊಬ್ಬ ಬದಲಿ. ಪೋಷಕರಲ್ಲಿಯೂ ನನ್ನದೊಂದು ವಿನಂತಿ. ಮೇಷ್ಟರು ಸಭೆಗೆ ಹೋದರೆ ಶಾಲೆ ತಪ್ಪಿಸಿದರೆಂದು ತಿಳಿಯಬೇಡಿ. ಅವರು ಮರಳಿದ ಮೇಲೆ 'ಏನು ಕಲಿತು ಬಂದಿರಿ, ಮೇಷ್ಟ್ರೇ?' ಎಂದು ಗೌರವದಿಂದ ಕೇಳಿ. ಆ ಪ್ರಶ್ನೆಗೆ ಉತ್ತರ ಹೇಳುವ ಹಂಬಲ ಯಾವ ಸುತ್ತೋಲೆಗಿಂತಲೂ ಹೆಚ್ಚು ಕೆಲಸ ಮಾಡಿಸುತ್ತದೆಂಬುದು ನನ್ನ ದೃಢವಾದ ನಂಬಿಕೆ.