ಹಾಸುಗಲ್ಲಿನ ಹುಚ್ಚು



ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ನಮ್ಮದು ಹಾಸುಗಲ್ಲಿನದು. ಯಾರ ಮನೆಗೆ ಹೋದರೂ ಆತಿಥೇಯರ ಮುಖಕ್ಕಿಂತ ಮೊದಲು ಅವರ ನೆಲವನ್ನು ನೋಡುವೆವು. ಶಹಾಬಾದಿನ ಬೂದುಗಲ್ಲು ಕಂಡಿತೋ, ಜೋಡು ಕಳಚಿ ಅಂಗಾಲಿನಿಂದ ಅದರ ತಂಪನ್ನು ಪರೀಕ್ಷಿಸದೆ ಮುಂದಡಿ ಇಡೆವು. ಇದಕ್ಕಾಗಿ ಮನೆಯವರಿಂದ ಎಷ್ಟೋ ಸಲ ಗದರಿಸಿಕೊಂಡದ್ದುಂಟು.

ಈ ಹುಚ್ಚಿಗೆ ಮೂಲವಿದೆ. ನಮ್ಮ ಊರು ಸೇಡಂ. ಆ ಸೀಮೆಯ ಸುಣ್ಣಕಲ್ಲು ಪುಸ್ತಕದ ಹಾಳೆಗಳಂತೆ ಪದರಪದರವಾಗಿ ಏಳುತ್ತದೆ. ನಾವು ಶಾಲೆಗೆ ಸೇರಿದ್ದು 1948ಕ್ಕೆ ಮೊದಲು, ನಿಜಾಮರ ಆಳಿಕೆಯಲ್ಲಿ. ಅಲ್ಲಿ ನಮಗೆ ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡ ಕಲಿಸಿದವರು ನಮ್ಮ ಅಜ್ಜ. ಸಂಜೆ ಪಡಸಾಲೆಯ ಹಾಸುಗಲ್ಲೇ ಹಲಗೆ, ಸುಣ್ಣದ ತುಂಡೇ ಬಳಪ. ಬೆಳಗಾದರೆ ಅವ್ವ ನೆಲ ಒರಸುವಳು, ಬರೆದುದೆಲ್ಲ ಅಳಿಯುವುದು. ನಾವು ಅತ್ತರೆ ಅಜ್ಜ, “ಕಲ್ಲು ಮರೆತರೆ ಮರೆಯಲಿ, ನೀನು ಮರೆಯಬೇಡ” ಎನ್ನುತ್ತಿದ್ದರು.

ಮುಂದೊಮ್ಮೆ ಅವರೇ ನಮ್ಮನ್ನು ನಮ್ಮ ತಾಲ್ಲೂಕಿನ ಮಳಖೇಡಕ್ಕೆ ಕರೆದೊಯ್ದರು. ಕಾಗಿಣಾ ನದಿಯ ದಡದ ಆ ಊರೇ ರಾಷ್ಟ್ರಕೂಟರ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ್ದು ಸುಮಾರು 850ರಲ್ಲಿ, ಅಲ್ಲಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ. ಅರಸನ ವೈಭವವನ್ನು ಕಾಣೆವು. ಗ್ರಂಥವನ್ನು ಇಂದಿಗೂ ಓದಬಲ್ಲೆವು. ಅಂದಿನಿಂದ ಶಾಸನಗಳನ್ನು ಹುಡುಕಿ ಓದುವುದು ನಮಗೆ ವ್ಯಸನವಾಯಿತು. ಕಲ್ಲಿನ ಮೇಲೆ ಅಕ್ಷರ ಕಂಡಾಗಲೆಲ್ಲ ಅಜ್ಜನ ಬೆರಳು ನೆನಪಾಗುತ್ತದೆ.

ಈಗ ಮೊಮ್ಮಕ್ಕಳು ಸೀಮೆಸುಣ್ಣದಿಂದ ನೆಲವನ್ನು ಕೆಡಿಸಿದರೆ ಮನೆಯವರೆಲ್ಲ ಗದರುತ್ತಾರೆ. ನಾವು ಮಾತ್ರ ಕನ್ನಡಕ ಏರಿಸಿ, ಬಾಗಿ, ಏನು ಬರೆದಿದ್ದಾರೆಂದು ಮೊದಲು ಓದುತ್ತೇವೆ.